ಮೊದಲ ಸಲ ಸ್ತ್ರೀವೇಷ ಕಟ್ಟುವ ಹುಡುಗರಿಗೆ

ನಮ್ಮ ಸಂಘದ ಯಕ್ಷಗಾನ ಆಟಕ್ಕೆ ವರ್ಷವೂ ಹೊಸ ಹುಡುಗರು ಬರುತ್ತಾರೆ. ಸ್ತ್ರೀವೇಷ ಎಂದ ಕೂಡಲೇ ಕೆಲವರು ಸೊಂಟ ಕುಣಿಸುತ್ತಾರೆ, ದನಿ ಕೀರಲು ಮಾಡುತ್ತಾರೆ. ಮೊದಲು ಅದನ್ನು ಬಿಡಿ. ಯಕ್ಷಗಾನದಲ್ಲಿ ತಲೆಮಾರುಗಳ ಕಾಲ ಹೆಣ್ಣಿನ ಪಾತ್ರ ಕಟ್ಟಿದವರು ಗಂಡಸರೇ. ಅವರಲ್ಲಿ ದೊಡ್ಡವರು ಹೆಣ್ಣನ್ನು ಅಣಕಿಸಲಿಲ್ಲ, ಪಾತ್ರದ ಮನಸ್ಸನ್ನು ಹಿಡಿದರು.

ನಿಮ್ಮ ಪಾತ್ರ ಯಾವ ಬಗೆಯದು, ನೋಡಿಕೊಳ್ಳಿ. ದಮಯಂತಿ, ಸೀತೆ ಗರತಿಯರು. ಮೋಹಿನಿ, ಮೇನಕೆ ಶೃಂಗಾರದವರು. ಪ್ರಮೀಳೆ ಯುದ್ಧಕ್ಕೆ ನಿಲ್ಲುವವಳು, ಅದು ಕಸೆ ಸ್ತ್ರೀವೇಷ, ಅಂದರೆ ವೀರ ಹೆಣ್ಣಿನ ವೇಷ. ಒಬ್ಬಳ ನಡಿಗೆ ಇನ್ನೊಬ್ಬಳಿಗೆ ಹೊಂದುವುದಿಲ್ಲ. ಹಿಂದೆ ಪೂರ್ವರಂಗದ, ಅಂದರೆ ಕಥೆಗೆ ಮುಂಚಿನ ಕುಣಿತದ, ಪೀಠಿಕೆ ಸ್ತ್ರೀವೇಷದಲ್ಲಿ ಕುಣಿದೇ ಹುಡುಗರು ಹೆಜ್ಜೆ ಕಲಿಯುತ್ತಿದ್ದರು. ನಿಮ್ಮ ಮೇಳದಲ್ಲಿ ಅದು ಉಳಿದಿದ್ದರೆ ಕೇಳಿ ಪಡೆಯಿರಿ.

ಆಮೇಲೆ ಹಿರಿಯರನ್ನು ನೋಡಿ. ಗರತಿ ಪಾತ್ರಕ್ಕೆ ತೆಂಕುತಿಟ್ಟಿನ (ದಕ್ಷಿಣದ ಶೈಲಿ) ಕೋಳ್ಯೂರು ರಾಮಚಂದ್ರ ರಾವ್, ಬಡಗುತಿಟ್ಟಿನ (ಉತ್ತರದ ಶೈಲಿ) ಆರಾಟೆ ಮಂಜುನಾಥ. ಪಾತಾಳ ವೆಂಕಟರಮಣ ಭಟ್ಟರು ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ತಮ್ಮ ಉಡುಗೆ ತೊಡುಗೆ ತಿದ್ದಿಕೊಂಡವರು. ವೇಷ ಎಂದರೆ ಅಷ್ಟು ಶ್ರದ್ಧೆ ಬೇಕು ಅಲ್ವಾ? ಮಂಟಪ ಪ್ರಭಾಕರ ಉಪಾಧ್ಯಾಯರ ಏಕವ್ಯಕ್ತಿ ಪ್ರಯೋಗಗಳಲ್ಲಿ ಎದುರು ಪಾತ್ರವೇ ಇಲ್ಲ. ವಿಡಿಯೋ ಸಿಕ್ಕರೆ ಒಮ್ಮೆ ಧ್ವನಿ ಮುಚ್ಚಿ ಕಣ್ಣು, ಕೈ ಮಾತ್ರ ನೋಡಿ.

ಮನೆಯಲ್ಲಿ ಸೀರೆ ಉಟ್ಟೇ ಅಭ್ಯಾಸ ಮಾಡಿ. ಪ್ಯಾಂಟಿನಲ್ಲಿ ಕಲಿತ ಹೆಜ್ಜೆ ರಂಗದಲ್ಲಿ ನೆರಿಗೆಗೆ ಸಿಕ್ಕಿಕೊಳ್ಳುತ್ತದೆ. ಗಡ್ಡವನ್ನು ಬಣ್ಣಕ್ಕೆ ಕೂರುವ ಸ್ವಲ್ಪ ಮುಂಚೆ ತೆಗೆಯಿರಿ. ಬೆಳಿಗ್ಗೆ ತೆಗೆದರೆ ರಾತ್ರಿ ಬಣ್ಣದಡಿ ಹಸಿರು ಕಾಣುತ್ತದೆ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಸೊಂಟದ ಡಾಬು ಬಿಗಿಯುವಾಗ ಉಸಿರು ತುಂಬಿ ನಿಲ್ಲಿ, ಇಲ್ಲದಿದ್ದರೆ ಅರ್ಥ (ಪಾತ್ರದ ಮಾತು) ಹೇಳುವಾಗ ಉಸಿರು ಸಾಲುವುದಿಲ್ಲ. ದನಿ ನಿಮ್ಮದೇ ಇರಲಿ, ವೇಗ ಇಳಿಸಿ.

ನಾನು ಜಾಸ್ತಿ ಹೊತ್ತು ಕಲಿಸುವುದು ಕಾಡಿನ ದಮಯಂತಿಯನ್ನು. ಎದ್ದಾಗ ಗಂಡ ನಳ ಪಕ್ಕದಲ್ಲಿಲ್ಲ. ಹುಡುಗರು ತಕ್ಷಣ ಅಳಲು ಶುರು ಮಾಡುತ್ತಾರೆ. ಬೇಡ. ಅವಳಿಗೆ ಇನ್ನೂ ಗೊತ್ತಾಗಿಲ್ಲ. ನೀರು ತರಲು ಹೋಗಿರಬಹುದು ಎಂದುಕೊಳ್ಳಲಿ. ಒಂದು ಸಲ ಸಲುಗೆಯಿಂದ ಕರೆಯಲಿ. ಎರಡನೇ ಸಲ ಕರೆಯುವಾಗ ಅಂಜಿಕೆ ಬರಲಿ. ಸೆರಗು ಹೊದೆಯಲು ಹೋದಾಗ ಸೀರೆಯ ಅರ್ಧ ಇಲ್ಲ. ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರಿ ನೋಡಲಿ. ನಳ ಬಿಟ್ಟುಹೋದನೆಂದು ಆಗ ಅವಳಿಗೆ ತಿಳಿಯುತ್ತದೆ. ಅಲ್ಲಿ ಮಾತು ಬೇಡ. ಹಾಡುವ ಭಾಗವತರತ್ತ ತಿರುಗಿ, ಅವರ ಪದ ಏಳಲಿ, ಅಳು ಆ ಪದದೊಳಗೇ ಬರಲಿ.