ನಡು ನಡುಗುತ್ತಿರುವಾಗಲೇ ಹೊರತೆಗೆಯಬೇಕು: ಗೂಯಿ ಬಟರ್ ಕೇಕ್ ಕಲಿತ ನನ್ನ ಅನುಭವ

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ಗೆ ನಾವು ಬಂದು ನೆಲೆಸಿದ ಮೊದಲ ಚಳಿಗಾಲದಲ್ಲಿ, ಪಕ್ಕದ ಮನೆಯ ಹಿರಿಯ ಮಹಿಳೆಯೊಬ್ಬರು ಅಲ್ಯೂಮಿನಿಯಂ ಹಾಳೆ ಮುಚ್ಚಿದ ತಟ್ಟೆಯೊಂದನ್ನು ಬಾಗಿಲಿಗೇ ತಂದುಕೊಟ್ಟರು. ಅದರಲ್ಲಿ ಮೇಲೆಲ್ಲ ಪುಡಿ ಸಕ್ಕರೆ ಉದುರಿಸಿದ, ಬರ್ಫಿಗಿಂತ ಸ್ವಲ್ಪ ದೊಡ್ಡದಾದ ಚೌಕ ತುಂಡುಗಳಿದ್ದವು. ಕೆಳಗಿನ ಪದರ ಬಿಸ್ಕತ್ತಿಗಿಂತ ಮೆತ್ತಗೆ, ಕೇಕಿಗಿಂತ ಗಟ್ಟಿಯಾಗಿತ್ತು. ಮೇಲಿನ ಪದರ ಬೆಣ್ಣೆಯ ಘಮದೊಂದಿಗೆ ಅಂಟಂಟಾಗಿ ನಾಲಿಗೆಯ ಮೇಲೆಯೇ ಕರಗಿತು. ಇದಕ್ಕೆ ಗೂಯಿ ಬಟರ್ ಕೇಕ್ ಎನ್ನುತ್ತಾರೆಂದೂ, ಇದು ಈ ಊರಿನದೇ ತಿಂಡಿಯೆಂದೂ ಅವರು ಹೆಮ್ಮೆಯಿಂದ ಹೇಳಿದರು. ಗೂಯಿ ಎಂಬ ಮಾತಿಗೆ ಮೆತ್ತಗಿರುವುದು, ಜಿಗುಟಾಗಿರುವುದು ಎಂಬ ಎರಡೂ ಅರ್ಥಗಳು ಸೇರಿವೆ. ಆ ಜಿಗುಟನ್ನು ನನ್ನ ಓವನ್ನಿನಲ್ಲಿ ಸರಿಯಾಗಿ ಬರಿಸಿಕೊಳ್ಳಲು ನನಗೆ ಸುಮಾರು ಎರಡು ವರ್ಷ ಬೇಕಾಯಿತು.

ಸೇಂಟ್ ಲೂಯಿಸ್ ನಗರದ ದಕ್ಷಿಣ ಭಾಗದಲ್ಲಿ ಜರ್ಮನ್ ಮೂಲದ ಬೇಕರಿಗಳು ಬಹಳವಿದ್ದವು. ಈ ಕೇಕ್ ಅಲ್ಲಿಯೇ 1930ರ ದಶಕದ ಸುಮಾರಿಗೆ ಹುಟ್ಟಿತೆಂದು ಊರಿನವರು ಹೇಳುತ್ತಾರೆ. ಆ ಬೇಕರಿಗಳಲ್ಲಿ ಬೆಣ್ಣೆಯ ಲೇಪನ ಎರಡು ಬಗೆಯದಿರುತ್ತಿತ್ತು. ಒಂದು ಬನ್ನು ಮತ್ತು ಸಿಹಿ ರೊಟ್ಟಿಗಳಿಗೆ ಬೀಜ, ಸಕ್ಕರೆಗಳನ್ನು ಅಂಟಿಸುವ ಜಿಗುಟಿನ ಲೇಪನ, ಇನ್ನೊಂದು ಕೇಕಿನ ಮೇಲೆ ಹರಡುವ ದಪ್ಪನೆಯದು. ಯಾವನೋ ಕೆಲಸಗಾರ ಒಂದರ ಬದಲು ಇನ್ನೊಂದನ್ನು ಬಳಸಿಬಿಟ್ಟ, ಬೆಂದ ಕೇಕು ಅಂಟಂಟಾಯಿತು, ಕಷ್ಟದ ಕಾಲವಾದ್ದರಿಂದ ಎಸೆಯದೆ ಮಾರಿದರು, ಗಿರಾಕಿಗಳು ಮತ್ತೆ ಅದನ್ನೇ ಕೇಳಿದರು ಎಂಬುದು ಹೆಚ್ಚು ಚಾಲ್ತಿಯಲ್ಲಿರುವ ಕಥೆ. ಆ ಬೇಕರಿ ಕೇಕಿನ ಕೆಳಪದರ ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನದು, ಅದರಲ್ಲಿ ಕ್ರೀಮ್ ಚೀಸ್ ಎಂಬ ಮೆತ್ತನೆಯ ಚೀಸ್ ಇರುವುದಿಲ್ಲ. ಮನೆಗಳಲ್ಲಿ ಮಾಡುವುದು ಬಹುಮಟ್ಟಿಗೆ ಕೇಕ್ ಮಿಕ್ಸ್, ಅಂದರೆ ಡಬ್ಬದಲ್ಲಿ ಸಿಗುವ ಸಿದ್ಧ ಕೇಕ್ ಹಿಟ್ಟು, ಮತ್ತು ಕ್ರೀಮ್ ಚೀಸಿನ ಬಗೆ. ನಾನು ಎರಡನ್ನೂ ತಿಂದಿದ್ದೇನೆ. ಬೆಳಗಿನ ಕಾಫಿಗೆ ಯೀಸ್ಟಿನದೇ ಹೊಂದುತ್ತದೆ. ಹತ್ತಾರು ಜನರಿಗೆ ಹಂಚಲು, ಎರಡು ದಿನ ಮುಂಚಿತವಾಗಿ ಮಾಡಿಡಲು ಕೇಕ್ ಮಿಕ್ಸಿನದು ಅನುಕೂಲ. ನಾನಿಲ್ಲಿ ಬರೆಯುತ್ತಿರುವುದು ಎರಡನೆಯದನ್ನು ಕುರಿತು.

ನೆರೆಮನೆಯವರು ಕೊಟ್ಟ ಚೀಟಿಯಲ್ಲಿ ನಾಲ್ಕೇ ಸಾಲುಗಳಿದ್ದವು. ಕೆಳಪದರಕ್ಕೆ ಹಳದಿ ಕೇಕ್ ಮಿಕ್ಸ್ ಒಂದು ಡಬ್ಬ, ಕರಗಿಸಿದ ಬೆಣ್ಣೆ ಒಂದು ಸ್ಟಿಕ್, ಅಂದರೆ 113 ಗ್ರಾಂ, ಮತ್ತು ಒಂದು ಮೊಟ್ಟೆ. ಮೇಲ್ಪದರಕ್ಕೆ 226 ಗ್ರಾಂ ಕ್ರೀಮ್ ಚೀಸ್, ಎರಡು ಮೊಟ್ಟೆ, ವೆನಿಲಾ, ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಪುಡಿ ಸಕ್ಕರೆ. ಒಂಬತ್ತು ಇಂಚು ಅಗಲ, ಹದಿಮೂರು ಇಂಚು ಉದ್ದದ ಟ್ರೇಯಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 177 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಬೇಕು. ಎಷ್ಟು ಹೊತ್ತು ಎಂದು ಬರೆದಿರಲಿಲ್ಲ. "ಆಗುವವರೆಗೆ" ಎಂದಷ್ಟೇ ಇತ್ತು.

ನಾನು ಎಡವಿದ್ದು ಅಲ್ಲಿಯೇ. ಸ್ಪಂಜ್ ಕೇಕ್ ಮಾಡಿ ಅಭ್ಯಾಸವಿದ್ದ ನಾನು, ನಡುವೆ ಚುಚ್ಚಿದ ಚಾಕು ಸ್ವಚ್ಛವಾಗಿ ಹೊರಬರುವವರೆಗೆ, ನಲವತ್ತೈದು ನಿಮಿಷಕ್ಕೂ ಹೆಚ್ಚು ಕಾಲ ಅದನ್ನು ಒಳಗೇ ಬಿಟ್ಟೆ. ಹೊರತೆಗೆದಾಗ ಅಂಚು ಕಲ್ಲಿನಂತಾಗಿತ್ತು, ಮೇಲ್ಮೈ ಬಿರುಕು ಬಿಟ್ಟಿತ್ತು, ಕತ್ತರಿಸಿದರೆ ಮೇಲಿನ ಪದರದಲ್ಲಿ ಸಣ್ಣ ಸಣ್ಣ ತೂತುಗಳು ಕಾಣಿಸಿದವು. ಆ ತೂತುಗಳನ್ನು ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ಗಿಣ್ಣು. ಹಾಸನದ ಕಡೆಯ ನಮ್ಮ ಮನೆಯಲ್ಲಿ ಹಸು ಕರು ಹಾಕಿದಾಗಲೆಲ್ಲ ಅಮ್ಮ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುತ್ತಿದ್ದರು. ಒಲೆಯ ಮೇಲೆ ಹೆಚ್ಚು ಹೊತ್ತು ಬಿಟ್ಟರೆ ಗಿಣ್ಣು ತೂತು ತೂತಾಗಿ, ನೀರು ಬಿಟ್ಟುಕೊಂಡು, ರಬ್ಬರಿನಂತಾಗುತ್ತಿತ್ತು. "ಅಲ್ಲಾಡ್ತಾ ಇರುವಾಗ್ಲೇ ಇಳಿಸ್ಬಿಡು ಮಗಾ, ಆರಿದ್ ಮೇಲೆ ತಾನಾಗೇ ಗಟ್ಟಿಯಾಗುತ್ತೆ" ಎಂದು ಅಮ್ಮ ಹೇಳುತ್ತಿದ್ದ ಮಾತು ಈ ಕೇಕಿಗೂ ಅಕ್ಷರಶಃ ಅನ್ವಯಿಸುತ್ತದೆ ಎಂದು ಆಗ ಹೊಳೆಯಿತು. ಎರಡೂ ಕಡೆ ನಡೆಯುವುದು ಒಂದೇ ಕ್ರಿಯೆ: ಶಾಖಕ್ಕೆ ಪ್ರೋಟೀನು ಹೆಪ್ಪುಗಟ್ಟಿ, ತನ್ನ ಬಲೆಯಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಶಾಖ ಅತಿಯಾದರೆ ಆ ಬಲೆ ಬಿಗಿದು ನೀರನ್ನು ಹೊರಕ್ಕೆ ಹಿಂಡುತ್ತದೆ. ಗಿಣ್ಣಿನಲ್ಲಿ ಅದು ಹಾಲಿನ ಪ್ರೋಟೀನು, ಇಲ್ಲಿ ಮುಖ್ಯವಾಗಿ ಮೊಟ್ಟೆಯದು.

ಎರಡನೆಯ ಬಾರಿ ಭಯದಿಂದ ಇಪ್ಪತ್ತೆರಡು ನಿಮಿಷಕ್ಕೇ ತೆಗೆದೆ. ನಡುಭಾಗ ಆರಿದ ಮೇಲೂ ಪಾಯಸದಂತೆ ಹರಿಯಿತು. ಆಮೇಲಿನ ಪ್ರಯತ್ನಗಳಲ್ಲಿ ಇಪ್ಪತ್ತೈದನೆಯ ನಿಮಿಷದಿಂದ ಓವನ್ನಿನ ಮುಂದೆಯೇ ಕುಳಿತು, ಮೂರು ಮೂರು ನಿಮಿಷಕ್ಕೊಮ್ಮೆ ಟ್ರೇಯ ಅಂಚನ್ನು ಮೆಲ್ಲನೆ ತಟ್ಟಿ ನೋಡುವುದನ್ನು ರೂಢಿಸಿಕೊಂಡೆ. ಹದಕ್ಕೆ ಬಂದಾಗ ಅಂಚಿನಿಂದ ಸುಮಾರು ಎರಡು ಇಂಚಿನಷ್ಟು ಭಾಗ ಉಬ್ಬಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ನಡುಭಾಗ ಅದಕ್ಕಿಂತ ತಗ್ಗಾಗಿ, ಬಿಳಿಚಿಕೊಂಡು, ಮೇಲೆ ತೆಳುವಾದ ಪೊರೆ ಕಟ್ಟಿರುತ್ತದೆ. ತಟ್ಟಿದಾಗ ಆ ನಡುಭಾಗ ಒಂದೇ ತುಂಡಾಗಿ ನಡುಗಬೇಕು. ಅಲೆ ಎದ್ದು ಆ ಕಡೆಯಿಂದ ಈ ಕಡೆಗೆ ಸಾಗಿದರೆ ಇನ್ನೂ ಬೆಂದಿಲ್ಲವೆಂದೇ ಅರ್ಥ. ನನ್ನ ಓವನ್ನಿನಲ್ಲಿ, ತಿಳಿಬಣ್ಣದ ಲೋಹದ ಟ್ರೇಯಲ್ಲಿ, ಇದು ಮೂವತ್ತೊಂದರಿಂದ ಮೂವತ್ತನಾಲ್ಕು ನಿಮಿಷದ ನಡುವೆ ಬರುತ್ತದೆ. ಗಾಜಿನ ಟ್ರೇಯಾಗಲಿ ಕಪ್ಪು ಟ್ರೇಯಾಗಲಿ ಇದ್ದರೆ ಅಂಚು ಬೇಗ ಕಂದುವುದರಿಂದ ಶಾಖವನ್ನು 325 ಡಿಗ್ರಿಗೆ ಇಳಿಸಿ, ಕೆಲವು ನಿಮಿಷ ಹೆಚ್ಚು ಕೊಡುತ್ತೇನೆ.

ಜಿಗುಟು ಇರಬೇಕೆಂದರೆ ಹಸಿಯಾಗಿರಬೇಕು ಎಂದಲ್ಲ. ಮೊಟ್ಟೆಯಿರುವ ಖಾದ್ಯದ ಒಳಗಿನ ಶಾಖ 160 ಡಿಗ್ರಿ ಫ್ಯಾರನ್‌ಹೀಟ್ ತಲುಪಬೇಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ನಾನು ನಡುವೆ ಥರ್ಮಾಮೀಟರ್ ಚುಚ್ಚಿ, ಅದು ದಾಟಿದೆ ಎಂದು ಖಚಿತಪಡಿಸಿಕೊಂಡೇ ಹೊರತೆಗೆಯುತ್ತೇನೆ. ಚುಚ್ಚಿದ ಗುರುತನ್ನು ಪುಡಿ ಸಕ್ಕರೆ ಮುಚ್ಚುತ್ತದೆ. ಹಾಗೆಯೇ, ಕಲಸಿದ ಬೋಗುಣಿಯನ್ನು ಮಕ್ಕಳು ನೆಕ್ಕಲು ನಾನು ಬಿಡುವುದಿಲ್ಲ, ಏಕೆಂದರೆ ಡಬ್ಬದಲ್ಲಿರುವ ಹಿಟ್ಟು ಬೇಯದ ಹಸಿ ಹಿಟ್ಟೇ. ಹಸಿ ಕೇಕ್ ಮಿಕ್ಸಿನಿಂದ ಇ. ಕೋಲಿ ಬ್ಯಾಕ್ಟೀರಿಯಾದ ಸೋಂಕು ಹರಡಿದ ಪ್ರಕರಣಗಳು 2021ರಲ್ಲಿ ಈ ದೇಶದಲ್ಲಿಯೇ ದಾಖಲಾಗಿವೆ.

ಹದ ಕೈಗೆ ಬಂದ ಮೇಲೂ ಒಂದು ತೊಂದರೆ ಉಳಿದಿತ್ತು. ಚೀಟಿಯಲ್ಲಿದ್ದಂತೆಯೇ ಅಳೆದು ಹಾಕಿದರೂ ಕೆಳಪದರದಿಂದ ಬೆಣ್ಣೆ ಜಿನುಗಿ, ಅಂಚೆಲ್ಲ ಕರಿದಂತಾಗುತ್ತಿತ್ತು. ಬಹಳ ದಿನಗಳ ನಂತರ ಕಾರಣ ತಿಳಿಯಿತು. ಆ ಚೀಟಿ ಬರೆದ ಕಾಲದಲ್ಲಿ ಕೇಕ್ ಮಿಕ್ಸಿನ ಡಬ್ಬ 18.25 ಔನ್ಸ್, ಅಂದರೆ ಸುಮಾರು 517 ಗ್ರಾಂ ಇರುತ್ತಿತ್ತು. ನಾನು ಕೊಳ್ಳುತ್ತಿದ್ದ ಡಬ್ಬ 15.25 ಔನ್ಸ್, 432 ಗ್ರಾಂ. ಬೆಣ್ಣೆಯ ಸ್ಟಿಕ್ ಮಾತ್ರ ಅಷ್ಟೇ ಉಳಿದಿತ್ತು. ಈಗ ಅದಕ್ಕಿಂತಲೂ ಚಿಕ್ಕ ಡಬ್ಬಗಳು ಬಂದಿವೆ. ಹಾಗಾಗಿ ನಾನು ಡಬ್ಬದ ಲೆಕ್ಕವನ್ನೇ ಬಿಟ್ಟು, ತಕ್ಕಡಿಯಲ್ಲಿ ತೂಗಿ, ಕೊರತೆ ಬಿದ್ದಷ್ಟನ್ನು ಮೈದಾ ಮತ್ತು ಸಕ್ಕರೆಯನ್ನು ಸಮಸಮವಾಗಿ ಸೇರಿಸಿ ತುಂಬಿಸುತ್ತೇನೆ. 432 ಗ್ರಾಂ ಡಬ್ಬಕ್ಕೆ ಎರಡೂ ನಲವತ್ತು ನಲವತ್ತು ಗ್ರಾಂ ಸಾಕು. ಹಳೆಯ ಚೀಟಿಗಳನ್ನು ನಂಬಿ ಅಡುಗೆ ಮಾಡುವವರೆಲ್ಲರೂ ಮೊದಲು ಡಬ್ಬದ ಮೇಲಿನ ತೂಕವನ್ನು ಓದಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕೆಳಪದರದ ಹಿಟ್ಟು ಕೋಡುಬಳೆ ಹಿಟ್ಟಿನ ಹದದಲ್ಲಿ, ಆದರೆ ಅದಕ್ಕಿಂತ ತುಸು ಜಿಡ್ಡಾಗಿ ಬರುತ್ತದೆ. ಟ್ರೇಗೆ ಪಾರ್ಚ್‌ಮೆಂಟ್ ಕಾಗದ ಹಾಸಿ, ಅಂಗೈಯನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಸಮನಾಗಿ ಒತ್ತಬೇಕು. ಸುತ್ತಲೂ ಅರ್ಧ ಬೆರಳಿನಷ್ಟು ಎತ್ತರದ ಕಟ್ಟೆ ಏರಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಮೇಲಿನ ಮಿಶ್ರಣ ಸಂದಿಯಿಂದ ಇಳಿದು ತಳ ಹಿಡಿಯುತ್ತದೆ.

ಮೇಲ್ಪದರದಲ್ಲಿ ಕೈಚಳಕಕ್ಕಿಂತ ತಾಳ್ಮೆ ಮುಖ್ಯ. ಕ್ರೀಮ್ ಚೀಸನ್ನು ಫ್ರಿಜ್ಜಿನಿಂದ ತೆಗೆದು, ಬೆರಳು ಒತ್ತಿದರೆ ಸಲೀಸಾಗಿ ಇಳಿಯುವಷ್ಟು ಮೆತ್ತಗಾಗುವವರೆಗೆ ಹೊರಗಿಡಬೇಕು. ಇಲ್ಲಿಯ ಜನವರಿಯಲ್ಲಿ ಅದಕ್ಕೆ ಎರಡು ಗಂಟೆ ಬೇಕಾಗುತ್ತದೆ. ತಣ್ಣಗಿರುವಾಗ ಮೊಟ್ಟೆ ಹಾಕಿದರೆ ಉಳಿಯುವ ಗಂಟುಗಳು ಎಷ್ಟು ಕಲಸಿದರೂ ಕರಗುವುದಿಲ್ಲ. ಆದ್ದರಿಂದ ಮೊದಲು ಚೀಸನ್ನು ಮಾತ್ರ ನುಣ್ಣಗೆ ಮಾಡಿ, ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ, ಜರಡಿ ಹಿಡಿದ ಸಕ್ಕರೆಯನ್ನು ಕೊನೆಗೆ ಹಾಕುತ್ತೇನೆ. ಬೀಟರನ್ನು ಕಡಿಮೆ ವೇಗದಲ್ಲಿಯೇ ಓಡಿಸಬೇಕು. ಗಾಳಿ ಹೆಚ್ಚು ಸೇರಿದರೆ ಕೇಕು ಓವನ್ನಿನಲ್ಲಿ ಉಬ್ಬಿ, ಹೊರಬಂದೊಡನೆ ಕುಸಿದು ಬಿರಿಯುತ್ತದೆ.

ಒಂದು ಪೌಂಡ್ ಸಕ್ಕರೆ ನಮ್ಮ ಬಾಯಿಗೆ ಅತಿ ಸಿಹಿ. ಅದನ್ನು ಇಳಿಸುತ್ತಾ ಹೋಗಿ, 350 ಗ್ರಾಮಿಗೆ ನಿಲ್ಲಿಸಿದ್ದೇನೆ. ಒಮ್ಮೆ 250 ಗ್ರಾಂ ಹಾಕಿ ನೋಡಿದಾಗ ರುಚಿ ಚೆನ್ನಾಗಿಯೇ ಇತ್ತು, ಆದರೆ ಜಿಗುಟು ಹೋಗಿ ಸಾಧಾರಣ ಚೀಸ್ ಕೇಕಿನಂತಾಯಿತು. ಸಕ್ಕರೆ ಇಲ್ಲಿ ಸಿಹಿಗಷ್ಟೇ ಇರುವುದಲ್ಲ. ಅದು ನೀರನ್ನು ತನ್ನಲ್ಲಿ ಹಿಡಿದುಕೊಂಡು, ಮೊಟ್ಟೆ ಗಟ್ಟಿಯಾಗುವುದನ್ನು ತಡಮಾಡುತ್ತದೆ. ಸಿಹಿಯನ್ನು ತಗ್ಗಿಸಲು ಸಕ್ಕರೆಯನ್ನು ಇನ್ನೂ ಇಳಿಸುವುದಕ್ಕಿಂತ ಉಪ್ಪನ್ನು ಆಶ್ರಯಿಸುವುದೇ ಮೇಲು. ಕಾಲು ಟೀ ಚಮಚ ಉಪ್ಪು ಬಹಳ ವ್ಯತ್ಯಾಸ ಮಾಡುತ್ತದೆ. ನಾನು ಚೀಟಿಗೆ ಸೇರಿಸಿದ ಇನ್ನೊಂದು ವಸ್ತುವೆಂದರೆ ಮೇಲ್ಪದರಕ್ಕೆ ಅರ್ಧ ಸ್ಟಿಕ್ ಬೆಣ್ಣೆ. ಅದನ್ನು ಬರಿದೆ ಕರಗಿಸದೆ, ತುಪ್ಪ ಕಾಯಿಸುವಾಗ ಮಾಡುವಂತೆ ಸಣ್ಣ ಉರಿಯಲ್ಲಿಟ್ಟು, ನೊರೆಯ ಸದ್ದು ಅಡಗಿ ತಳದ ಗಸಿ ಕಂದು ಬಣ್ಣಕ್ಕೆ ಬರುವವರೆಗೆ ಕಾಯಿಸಿ, ಆರಿಸಿ, ಗಸಿಯ ಸಮೇತ ಸೇರಿಸುತ್ತೇನೆ. ಆ ಘಮಕ್ಕೆ ನೆರೆಮನೆಯವರೇ ತಲೆದೂಗಿ, ತಮ್ಮ ಚೀಟಿಯಲ್ಲಿಯೂ ಅದನ್ನು ಬರೆದುಕೊಂಡರು.

ಬೆಂದ ಟ್ರೇಯನ್ನು ಜಾಲರಿಯ ಮೇಲಿಟ್ಟು ಪೂರ್ತಿ ಆರಲು ಬಿಡಬೇಕು, ಬಳಿಕ ಒಂದು ಗಂಟೆ ಫ್ರಿಜ್ಜಿನಲ್ಲಿಡಬೇಕು. ಕಾಗದದ ಸಮೇತ ಎತ್ತಿ, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ, ಪ್ರತಿ ಗೆರೆಗೊಮ್ಮೆ ಒರೆಸುತ್ತಾ ಇಪ್ಪತ್ತನಾಲ್ಕು ತುಂಡು ಮಾಡುತ್ತೇನೆ. ಇದಕ್ಕಿಂತ ದೊಡ್ಡ ತುಂಡು ತಿಂದರೆ ಮುಖ ಕಟ್ಟುತ್ತದೆ. ಬಿಸಿಯಿರುವಾಗ ಪುಡಿ ಸಕ್ಕರೆ ಉದುರಿಸಿದರೆ ಕರಗಿ ಒದ್ದೆಯಾಗುವುದರಿಂದ ಅದನ್ನು ಬಡಿಸುವ ಮುನ್ನವೇ ಮಾಡುವುದು ವಾಸಿ.

ಇದೇ ಸಾಮಗ್ರಿಗಳಿಂದ ಕುಕ್ಕಿಗಳನ್ನೂ ಮಾಡಬಹುದು. ಮಕ್ಕಳ ಶಾಲೆಗೆ, ಪ್ರಯಾಣಕ್ಕೆ ನಾನು ಕುಕ್ಕಿಯನ್ನೇ ಮಾಡುತ್ತೇನೆ. 226 ಗ್ರಾಂ ಕ್ರೀಮ್ ಚೀಸ್, ಒಂದು ಸ್ಟಿಕ್ ಮೆತ್ತಗಿನ ಬೆಣ್ಣೆ, ಒಂದು ಮೊಟ್ಟೆ, ವೆನಿಲಾ, ಒಂದು ಡಬ್ಬ ಕೇಕ್ ಮಿಕ್ಸ್ ಎಲ್ಲವನ್ನೂ ಕಲಸಿದರೆ ಕೈಗೆ ಅಂಟುವ ಹಿಟ್ಟಾಗುತ್ತದೆ. ಎರಡು ಗಂಟೆ ಫ್ರಿಜ್ಜಿನಲ್ಲಿಡುವುದನ್ನು ತಪ್ಪಿಸಿದರೆ ಅದು ಟ್ರೇಯಲ್ಲಿ ದೋಸೆಯಂತೆ ಹರಡಿಕೊಳ್ಳುತ್ತದೆ. ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಪುಡಿ ಸಕ್ಕರೆಯಲ್ಲಿ ಎರಡು ಬಾರಿ ಹೊರಳಿಸಿ, 350 ಡಿಗ್ರಿಯಲ್ಲಿ ಹನ್ನೊಂದು ನಿಮಿಷ ಬೇಯಿಸುತ್ತೇನೆ. ಮೇಲ್ಭಾಗ ಬೆಳ್ಳಗೆ ಬಿರಿದಿರಬೇಕು, ತಳದ ಅಂಚು ಮಾತ್ರ ತುಸು ಬಣ್ಣ ತಿರುಗಿರಬೇಕು. ಮೇಲೂ ಹೊಂಬಣ್ಣ ಬರಲೆಂದು ಕಾದರೆ ಒಳಗಿನ ಮೆತ್ತನೆಯ ಭಾಗ ಉಳಿಯುವುದಿಲ್ಲ.

ಕಳೆದ ಬಾರಿ ಊರಿಗೆ ಹೋಗಿದ್ದಾಗ ಅತ್ತೆಯವರಿಗಾಗಿ ಮೊಟ್ಟೆಯಿಲ್ಲದೆ ಮಾಡಿದೆ. ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ಮೊಟ್ಟೆರಹಿತ ವೆನಿಲಾ ಕೇಕ್ ಮಿಕ್ಸ್ ಸಿಕ್ಕಿತು. ಬೆಣ್ಣೆ ಉಪ್ಪಿನದಾಗಿದ್ದರಿಂದ ಬೇರೆ ಉಪ್ಪು ಹಾಕಲಿಲ್ಲ. ಕೆಳಪದರಕ್ಕೆ ಮೊಟ್ಟೆಯ ಬದಲು ನಾಲ್ಕು ದೊಡ್ಡ ಚಮಚ ಗಟ್ಟಿ ಮೊಸರು ಸಾಕಾಯಿತು. ಮೇಲ್ಪದರವೇ ಕಷ್ಟವಾದದ್ದು. ಕ್ರೀಮ್ ಚೀಸಿನ ಬೆಲೆ ನೋಡಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರನ್ನೇ ಪೂರ್ತಿ ಬಳಸಿದ ಮೊದಲ ಟ್ರೇ ಹುಳಿಯಾಗಿ ನೀರು ಬಿಟ್ಟಿತು. ಎರಡನೆಯದಕ್ಕೆ ಕ್ರೀಮ್ ಚೀಸನ್ನೇ ತಂದು, ಮೊಟ್ಟೆಯ ಜಾಗದಲ್ಲಿ ಮೂರು ದೊಡ್ಡ ಚಮಚ ಕಸ್ಟರ್ಡ್ ಪುಡಿಯನ್ನು ಕಾಲು ಕಪ್ ಹಾಲಿನಲ್ಲಿ ಕದಡಿ ಸೇರಿಸಿದೆ. ಆ ಪುಡಿಯಲ್ಲಿರುವ ಮೆಕ್ಕೆಜೋಳದ ಪಿಷ್ಟ ದಪ್ಪವಾಗಲು ಮೊಟ್ಟೆಗಿಂತ ಹೆಚ್ಚಿನ ಶಾಖ ಬೇಕು. ಆದ್ದರಿಂದ ಇಲ್ಲಿ ನಡುಗುವ ಗುರುತನ್ನು ನಂಬುವಂತಿಲ್ಲ. ಅಂಚಿನಲ್ಲಿ ಗುಳ್ಳೆಗಳು ಎದ್ದು, ಅವು ನಡುಭಾಗಕ್ಕೂ ಸರಿಯುವವರೆಗೆ, ಸುಮಾರು ಆರು ನಿಮಿಷ ಹೆಚ್ಚು ಬೇಯಿಸಬೇಕಾಯಿತು. ಅದು ಮೊಟ್ಟೆಯದರಷ್ಟು ಅಂಟಲಿಲ್ಲ, ಹಾಲುಬಾಯಿಯಂತೆ ಸ್ವಲ್ಪ ಬಿಗಿಯಾಗಿ ನಿಂತಿತು. ಆದರೆ ಬಾಯಲ್ಲಿ ಕರಗಿತು. ಅತ್ತೆಯವರು ಎರಡು ತುಂಡು ತಿಂದು, ವೆನಿಲಾದ ಬದಲು ಏಲಕ್ಕಿ ಹಾಕಿದರೆ ಇನ್ನೂ ಚೆನ್ನಾಗಿರುತ್ತದೆಂದರು. ಮರುದಿನವೇ ಹಾಕಿ ಮಾಡಿದೆ: ಒಂದು ಟ್ರೇಗೆ ಆರು ಏಲಕ್ಕಿ, ಸಿಪ್ಪೆ ತೆಗೆದು, ಒಂದು ಚಮಚ ಸಕ್ಕರೆಯೊಂದಿಗೆ ನುಣ್ಣಗೆ ಕುಟ್ಟಿದ್ದು.