ಮನೆಯಲ್ಲೇ ಡಂಬಲ್‌ಡೋರ್ ವೇಷ: ವಿಶ್ವಾಮಿತ್ರ ಆಗದ ಹಾಗೆ ನೋಡ್ಕೊಳ್ಳಿ

ಬಿಳಿ ಗಡ್ಡ ಅಂಟಿಸಿದ ಮಾತ್ರಕ್ಕೆ ನಿಮ್ಮ ಮಗು ಹ್ಯಾರಿ ಪಾಟರ್ ಕಥೆಯ ಮುದಿ ಮಾಂತ್ರಿಕ ಡಂಬಲ್‌ಡೋರ್ ಆಗುವುದಿಲ್ಲ. ಹೋದ ವರ್ಷ ಫ್ಯಾನ್ಸಿ ಡ್ರೆಸ್‌ಗೆ ನಾವು ಅಷ್ಟೇ ಮಾಡಿದ್ದೆವು. ಮಗ ಸ್ಟೇಜ್ ಹತ್ತಿದ ಕೂಡಲೇ ಮುಂದಿನ ಸಾಲಿನ ಅಜ್ಜಿಯೊಬ್ಬರು "ಓ, ವಿಶ್ವಾಮಿತ್ರ!" ಅಂದರು. ಅವರದ್ದೇನೂ ತಪ್ಪಿಲ್ಲ ಬಿಡಿ, ಉದ್ದ ಗಡ್ಡ ಅಂದ್ರೆ ನಮಗೆ ಋಷಿ, ಕೆಂಪು ಟೋಪಿ ಸೇರಿದರೆ ಸಾಂತಾ.

ಈ ಸಲ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ ತೆಗೆದುಕೊಂಡು ಕೂತೆ. ಮೊದಲ ಅಧ್ಯಾಯದಲ್ಲಿ ಈ ಮುದುಕಪ್ಪ ರಸ್ತೆ ಮೂಲೆಯಲ್ಲಿ ದಿಢೀರ್ ಅಂತ ಕಾಣಿಸಿಕೊಳ್ತಾನಲ್ಲ, ಬೇಕಾದ್ದೆಲ್ಲ ಅಲ್ಲೇ ಇದೆ: ಬೆಲ್ಟಿಗೆ ಸಿಕ್ಕಿಸುವಷ್ಟು ಉದ್ದದ ಬೆಳ್ಳಿ ಕೂದಲು-ಗಡ್ಡ, ನೆಲ ಗುಡಿಸುವ ನೇರಳೆ ನಿಲುವಂಗಿ, ಬಕಲ್ ಬೂಟು, ಅರ್ಧಚಂದ್ರ ಕನ್ನಡಕ, ಎರಡು ಸಲವಾದರೂ ಮುರಿದಿರಬೇಕು ಅನ್ನಿಸುವ ಸೊಟ್ಟ ಮೂಗು.

ಗಡ್ಡಕ್ಕೆ ಹತ್ತಿ ಬೇಡವೇ ಬೇಡ. ಉದುರುತ್ತದೆ, ಬಾಯಿಗೆ ಹೋಗುತ್ತದೆ, ಮಗು ಡೈಲಾಗ್ ಬಿಟ್ಟು ಥೂ ಥೂ ಅನ್ನುತ್ತಾ ನಿಲ್ಲುತ್ತದೆ. ಬಿಳಿ ಉಲ್ಲನ್ ದಾರ ತನ್ನಿ. ಮಗುವಿನ ಗಲ್ಲದಿಂದ ಸೊಂಟದವರೆಗೆ ಅಳೆದು, ಅದರ ಎರಡರಷ್ಟು ಉದ್ದಕ್ಕೆ ದಾರ ಕತ್ತರಿಸಿ, ಪ್ರತಿ ಎಳೆಯನ್ನೂ ನಡುವೆ ಮಡಚಿ ಒಂದು ಇಲಾಸ್ಟಿಕ್‌ಗೆ ಗಂಟು ಹಾಕುತ್ತಾ ಹೋಗಿ. ಒತ್ತೊತ್ತಾಗಿ ಕಟ್ಟಬೇಕು, ಇಲ್ಲದಿದ್ರೆ ಬಾಗಿಲ ತೋರಣದ ಹಾಗೆ ಕಾಣುತ್ತೆ. ಇಲಾಸ್ಟಿಕ್ ಕಿವಿ ಹಿಂದೆ ಹೋಗಲಿ, ಚರ್ಮಕ್ಕೆ ಗೋಂದು ಹಚ್ಚಬೇಡಿ. ಗಡ್ಡದ ನಡುವೆ ಒಂದು ದಾರ ಬಿಗಿದರೆ ಕೆದರಿಕೊಳ್ಳಲ್ಲ. ಸಿನಿಮಾದಲ್ಲಿ ಡಂಬಲ್‌ಡೋರ್ ಪಾತ್ರ ಮಾಡಿದ ಮೈಕೆಲ್ ಗ್ಯಾಂಬನ್ ಗಡ್ಡ ಹಾಗೇ ಕಟ್ಟಿರುತ್ತೆ ನೋಡಿ. ಮೊದಲೆರಡು ಸಿನಿಮಾಗಳಲ್ಲಿ ಇದ್ದವರು ರಿಚರ್ಡ್ ಹ್ಯಾರಿಸ್. ಅವರು 2002ರಲ್ಲಿ ತೀರಿಕೊಂಡ ಮೇಲೆ ಗ್ಯಾಂಬನ್ ಬಂದರು.

ಕನ್ನಡಕಕ್ಕೆ ಹಳೆ ಮದುವೆ ಕಾರ್ಡ್ ಸಾಕು, ಬಂಗಾರದ ಬಣ್ಣ ಅದರಲ್ಲೇ ಇರುತ್ತಲ್ವಾ. ಅಡ್ಡಗೆರೆ ಮೇಲೆ, ಬಾಗಿದ ಭಾಗ ಕೆಳಗೆ ಬರುವಂತೆ ಎರಡು ಅರ್ಧಚಂದ್ರ ಕತ್ತರಿಸಿ, ಒಳಗೆ ಟೊಳ್ಳು ಮಾಡಿ, ಮೂಗಿನ ಮೇಲೆ ಕೂರುವಂತೆ ತುದಿಗೆ ಹಿಡಿ ಅಂಟಿಸಿ. ಈ ಕನ್ನಡಕ ಬಿಟ್ಟರೆ ಮತ್ತೆ ವಿಶ್ವಾಮಿತ್ರನೇ. ಮೂಗಿಗೆ ಕಂದು ಐಬ್ರೋ ಪೆನ್ಸಿಲ್‌ನಲ್ಲಿ ಒಂದು ಅಂಕುಡೊಂಕು ಗೆರೆ ಎಳೆದರಾಯ್ತು.

ನಿಲುವಂಗಿಗೆ ಹೊಸ ಬಟ್ಟೆ ಯಾಕೆ, ನೇರಳೆ ಬಣ್ಣದ ಹಳೆ ನೈಟಿ ಇದ್ದರೆ ತೋಳು, ಅಂಚು ಮಡಚಿ ಹೊಲಿಯಿರಿ. ಪುಸ್ತಕದಲ್ಲಿ ನೆಲ ಗುಡಿಸಬಹುದು, ನಮ್ಮ ಮಕ್ಕಳಿಗೆ ಪಾದದ ಗಂಟಿನವರೆಗೆ ಸಾಕು, ಮೆಟ್ಟಿಲಲ್ಲಿ ಎಡವುತ್ತಾರೆ. ಬೂಟಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸ್ಕೂಲ್ ಶೂಗೆ ಫಾಯಿಲ್ ಬಕಲ್ ಅಂಟಿಸಿ ಬಿಡಿ.

ಇಷ್ಟೆಲ್ಲ ಆದರೂ ಮಗು ಗಂಭೀರವಾಗಿ ಕೈ ಎತ್ತಿ ಆಶೀರ್ವಾದ ಮಾಡಿದರೆ ಕೆಲಸ ಕೆಟ್ಟಿತು. ಡಂಬಲ್‌ಡೋರ್ ಮಂತ್ರವಿದ್ಯೆ ಕಲಿಸುವ ಶಾಲೆಯ ಹೆಡ್‌ಮಾಸ್ಟರ್, 1945ರಲ್ಲಿ ಗ್ರಿಂಡೆಲ್‌ವಾಲ್ಡ್ ಎಂಬ ದುಷ್ಟ ಮಾಂತ್ರಿಕನನ್ನು ಸೋಲಿಸಿದವನು, ಎಲ್ಲ ನಿಜ. ಆದರೆ ಎಡ ಮೊಣಕಾಲಿನ ಮೇಲಿರುವ ಗಾಯದ ಗುರುತು ಥೇಟ್ ಲಂಡನ್ ನೆಲದಡಿ ರೈಲಿನ ಮ್ಯಾಪು ಅಂತ ಹೇಳಿಕೊಳ್ಳುವವನೂ ಇವನೇ. ಮನದಾಸೆ ತೋರಿಸುವ ಕನ್ನಡಿಯಲ್ಲಿ ನಿಮಗೇನು ಕಾಣುತ್ತೆ ಅಂತ ಹ್ಯಾರಿ ಕೇಳಿದರೆ, ದಪ್ಪ ಉಲ್ಲನ್ ಕಾಲುಚೀಲ ಅನ್ನುತ್ತಾನೆ! ಹಾಗಾಗಿ ಮಾತು ಒಂದೇ ನಿಮಿಷ ಇರಲಿ, ತುಂಟತನ ಇರಲಿ. ಜೇಬಿನಿಂದ ನಿಂಬೆ ಪೆಪ್ಪರ್‌ಮಿಂಟ್ ತೆಗೆದು ಜಡ್ಜ್‌ಗೆ "ಒಂದು ತಗೊಳ್ಳಿ" ಅನ್ನಲಿ, ಕಾಲುಚೀಲ ಎತ್ತಿ ತೋರಿಸಿ ನಿಟ್ಟುಸಿರು ಬಿಡಲಿ.

ಇನ್ನೊಂದು ಐಡಿಯಾ. ಕ್ಲಿಕ್ ಅನ್ನುವ ಬಾಲ್‌ಪೆನ್‌ಗೆ ಬೆಳ್ಳಿ ಫಾಯಿಲ್ ಸುತ್ತಿ, ಡಂಬಲ್‌ಡೋರ್ ಬೀದಿದೀಪ ಆರಿಸಲು ಬಳಸುವ ಲೈಟರ್ ರೆಡಿ. ಪುಸ್ತಕದಲ್ಲಿ 12 ಕ್ಲಿಕ್‌ಗೆ 12 ದೀಪ ಆರುತ್ತವೆ. ನಿಮಗೆ ಒಂದು ಸಾಕು, ಸ್ವಿಚ್‌ಬೋರ್ಡ್ ಹತ್ತಿರ ಇರುವವರಿಗೆ ಮೊದಲೇ ಹೇಳಿಡಿ.

ಗಡ್ಡ ಮಾತ್ರ ಎಲ್ಲಕ್ಕಿಂತ ಕೊನೆಗೆ ಕಟ್ಟಿ, ತಿಂಡಿ ಆದ ಮೇಲೆ. ಬಿಳಿ ಉಲ್ಲನ್‌ಗೆ ಹತ್ತಿದ ಚಟ್ನಿ ಏನು ಮಾಡಿದರೂ ಹೋಗಲ್ಲ.