ಪೋರ್ಚುಗಲ್, ಸ್ಪೇನ್ ಕಾರಿನಲ್ಲಿ: ಊರಿಗಿಂತ ಮೊದಲು ರಾತ್ರಿಗಳ ಲೆಕ್ಕ

ಕಳೆದ ಅಕ್ಟೋಬರಿನಲ್ಲಿ ನಾನು ಮತ್ತು ನಮ್ಮ ಯಜಮಾನರು ಪೋರ್ಚುಗಲ್, ಸ್ಪೇನ್ ಎರಡನ್ನೂ ಬಾಡಿಗೆ ಕಾರಿನಲ್ಲಿ ಸುತ್ತಿ ಬಂದೆವು. 12 ರಾತ್ರಿ, ಸುಮಾರು 1100 ಕಿ.ಮೀ. ತಯಾರಿ ಪೂರ್ತಿ ನನ್ನದೇ. ಮೊದಲ ವಾರ ನಾನೂ ಎಲ್ಲರಂತೆ ಊರುಗಳ ಪಟ್ಟಿ ಬರೆಯುತ್ತಾ ಕೂತಿದ್ದೆ. ಲಿಸ್ಬನ್, ಪೋರ್ಟೊ, ಮ್ಯಾಡ್ರಿಡ್, ಗ್ರನಾಡಾ ಅಂತ ಬೆಳೆಯುತ್ತಲೇ ಹೋಯಿತು. ವೀಸಾ ಫಾರ್ಮ್ ತೆರೆದಾಗ ಗೊತ್ತಾಯಿತು, ಅವರಿಗೆ ಬೇಕಾದದ್ದು ಪಟ್ಟಿಯಲ್ಲ, ಯಾವ ದೇಶದಲ್ಲಿ ಎಷ್ಟು ರಾತ್ರಿ ಅನ್ನೋದು.

ಎರಡೂ ಶೆಂಗೆನ್ ದೇಶಗಳು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿಗೆ ಸೇರಿದವು. ಆದರೆ ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎರಡೂ ಕಡೆ ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಹಾಗಾಗಿ ಪಟ್ಟಿ ಹರಿದು ಹಾಕಿ ರಾತ್ರಿ ಎಣಿಸಿದೆ. ಲಿಸ್ಬನ್ 3, ಎವೊರಾ 1, ಗಡಿ ದಾಟಿ ಮೆರಿದಾ 1, ಸೆವಿಲ್ಲಾ 3, ಮತ್ತೆ ಪೋರ್ಚುಗಲ್ಲಿಗೆ ಬಂದು ತವಿರಾ 2, ಸಾಗ್ರೆಸ್ 1, ಕೊನೆಗೆ ಲಿಸ್ಬನ್ 1. ಪೋರ್ಚುಗಲ್ 8, ಸ್ಪೇನ್ 4, ಗೊಂದಲವೇ ಇಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು, ಅದನ್ನೂ ಇದೇ ದಿನಗಳಿಗೆ ಹೊಂದಿಸಿದೆ.

ಸುತ್ತು ಹಾಕಿ ಲಿಸ್ಬನ್ನಿಗೇ ಬಂದದ್ದಕ್ಕೆ ಕಾರಣ ಕಾರು. ಒಂದು ದೇಶದಲ್ಲಿ ತೆಗೆದುಕೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಅದಕ್ಕೆ ಕೇಳುವ ಹೆಚ್ಚುವರಿ ದುಡ್ಡು ಕೆಲವು ಸಲ ಬಾಡಿಗೆಯನ್ನೂ ಮೀರುತ್ತದೆ. ಗಡಿ ದಾಟಲು ಕಂಪನಿಯ ಒಪ್ಪಿಗೆ ಬೇಕು, ಅದಕ್ಕೂ ಬೇರೆ ಚಾರ್ಜ್ ಇರುತ್ತದೆ. ಒಪ್ಪಿಗೆ ಇಲ್ಲದೆ ದಾಟಿ ಅಲ್ಲಿ ಏನಾದರೂ ಆದರೆ ವಿಮೆ ನಿಮ್ಮ ಕೈ ಹಿಡಿಯದು. ಗಡಿಯಲ್ಲಿ ಯಾರೂ ನಿಲ್ಲಿಸುವುದಿಲ್ಲ, ನಕ್ಷತ್ರಗಳಿರುವ ಒಂದು ನೀಲಿ ಬೋರ್ಡು ಬರುತ್ತದೆ ಅಷ್ಟೇ. ಹಾಗಂತ ಸುಮ್ನೆ ದಾಟಿಬಿಡಬೇಡಿ.

ಆರ್‌ಟಿಒದಲ್ಲಿ ಇಬ್ಬರೂ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿದ್ದೆವು. ತಲಾ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಒಬ್ಬರಿಗೆ ಸಾಕಲ್ವಾ ಅಂತ ಯಜಮಾನರು ಅಂದಿದ್ದರು. ಲಿಸ್ಬನ್ನಿನ ಬಾಡಿಗೆ ಕಾರಿನ ಕೌಂಟರಿನಲ್ಲಿ ಇಬ್ಬರ ಹತ್ತಿರವೂ ಪರ್ಮಿಟ್ ಇದ್ದದ್ದೇ ನಮ್ಮನ್ನು ಉಳಿಸಿತು. ಬುಕಿಂಗ್ ನನ್ನ ಹೆಸರಲ್ಲಿ, ಕ್ರೆಡಿಟ್ ಕಾರ್ಡ್ ಅವರ ಹೆಸರಲ್ಲಿ. ಮುಖ್ಯ ಡ್ರೈವರ್ ಹೆಸರಿನ ಕಾರ್ಡೇ ಬೇಕು ಅಂತ ಪಟ್ಟು ಹಿಡಿದರು. ಅರ್ಧ ಗಂಟೆ ಮಾತಾಡಿ, ಬುಕಿಂಗನ್ನು ಅವರ ಹೆಸರಿಗೆ ಬದಲಾಯಿಸಿ, ನಾನು ಎರಡನೇ ಡ್ರೈವರ್ ಆಗಿ ದಿನಕ್ಕಿಷ್ಟು ಅಂತ ಜಾಸ್ತಿ ಕಟ್ಟಿದೆ. ಕೊನೆಗೆ ಕೌಂಟರಿನವರು 'ಶಾವ್' ಅಂತ ಕೈಗಿತ್ತದ್ದು ಚಾವಿ! ನಮ್ಮ ಚಾವಿ ಬಂದದ್ದೇ ಅವರ ಪೋರ್ಚುಗೀಸ್ ಭಾಷೆಯಿಂದ. ಮುಂದೆ ತವಿರಾದ ಮೆನುವಿನಲ್ಲಿ 'ಬಟಾಟ', ಅಂದರೆ ಆಲೂಗಡ್ಡೆ, ಕಂಡಾಗ ಮಂಗಳೂರಿನ ಅಮ್ಮನ ಬಟಾಟೆ ಪಲ್ಯ ನೆನಪಾಗಿ ತುಂಬಾ ಹೊತ್ತು ಅದನ್ನೇ ಮಾತಾಡಿದೆವು.

ಮೊದಲ 3 ದಿನ ಕಾರು ಬೇಕಾಗಲಿಲ್ಲ. ಲಿಸ್ಬನ್ ಏರು ತಗ್ಗಿನ ಊರು, ಟ್ರಾಮ್, ಮೆಟ್ರೋ ಇವೆ, ಪಾರ್ಕಿಂಗ್ ಕಷ್ಟ. ನಿದ್ದೆಗೆಟ್ಟು ಇಳಿದ ದಿನವೇ ರಸ್ತೆಯ ಬಲಗಡೆ ಓಡಿಸುವ ಸಾಹಸವೂ ಬೇಡ. ವೃತ್ತಗಳಲ್ಲಿ ಎಡದಿಂದ ಬರುವವರಿಗೆ ದಾರಿ ಬಿಡಬೇಕು. ಇದು ಕೈಗೆ ಹತ್ತಲು ನನಗೆ ಎರಡು ದಿನ ಹಿಡಿಯಿತು. ಅಲ್ಲಿ ಕೈಯಿಂದ ಗೇರ್ ಹಾಕುವ ಕಾರೇ ಜಾಸ್ತಿ. ಆಟೊಮ್ಯಾಟಿಕ್ ಬೇಕಾದರೆ ಮೊದಲೇ ಕಾದಿರಿಸಿ. ಬಂಕಿನಲ್ಲಿ 'ಗಸೊಲಿಯೊ' ಅಂದರೆ ಡೀಸೆಲ್, 'ಗಸೊಲಿನಾ' ಪೆಟ್ರೋಲ್. ಹಾಕುವ ಮುಂಚೆ ಟ್ಯಾಂಕ್ ಮುಚ್ಚಳದ ಮೇಲೆ ಬರೆದದ್ದನ್ನು ಓದಿ.

ಟೋಲ್ ಬಗ್ಗೆ ಹೆದರಿದ್ದೆ. ಲಿಸ್ಬನ್ನಿಂದ ಎವೊರಾ ಕಡೆಗೆ ಟೋಲ್ ಇದೆ, ಕಾರಿಗೆ ಅಂಟಿಸಿದ ಯಂತ್ರವೇ ಕಟ್ಟುತ್ತದೆ. ಮೆರಿದಾದಿಂದ ಸೆವಿಲ್ಲಾ ರಸ್ತೆ ಉಚಿತ. ದಕ್ಷಿಣ ಪೋರ್ಚುಗಲ್ಲಿನ ಎ22 ರಸ್ತೆಯ ಟೋಲನ್ನು 2025ರ ಜನವರಿ 1ರಿಂದ ತೆಗೆದುಹಾಕಿದ್ದಾರೆ. ಹಳೇ ಲೇಖನ ಓದಿ ಲೆಕ್ಕ ಹಾಕಬೇಡಿ.

ಅಕ್ಟೋಬರ್ ಆರಿಸಿದ್ದು ಸೆವಿಲ್ಲಾಗಾಗಿ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ, ಈಸ್ಟರ್ ಸಮಯದಲ್ಲಿ ರೂಮಿನ ದರ ಮುಟ್ಟೋ ಹಾಗಿರೋಲ್ಲ. ಹಳೇ ಪೇಟೆಯ ಓಣಿಗಳಿಗೆ ಕಾರು ನುಗ್ಗಿಸದೆ ಹೊರಗೆ ಪಾರ್ಕಿಂಗ್ ಇರುವ ಹೋಟೆಲ್ ಹಿಡಿದೆವು. ಸಸ್ಯಾಹಾರಿಗಳಿಗೆ ಅಲ್ಲಿ ಪಾಲಕ್ ಮತ್ತು ಕಡಲೆಯ 'ಎಸ್ಪಿನಾಕಾಸ್ ಕೊನ್ ಗರ್ಬಾನ್ಸೊಸ್' ಸಿಗುತ್ತದೆ. ಮೂರು ದಿನ ಅದನ್ನೇ ತಿಂದರೂ ಬೇಸರ ಬರಲಿಲ್ಲ.

ಗಡಿಯಾರದ ವಿಷಯ ಮರೆಯಬೇಡಿ. ಸ್ಪೇನ್ ಒಂದು ಗಂಟೆ ಮುಂದೆ. ಎವೊರಾದಿಂದ ಮೆರಿದಾಕ್ಕೆ ಹೋಗುವಾಗ ಒಂದು ಗಂಟೆ ಕಳೆದುಕೊಂಡೆವು, ಅಲ್ಲಿನ ರೋಮನ್ ರಂಗಮಂದಿರಕ್ಕೆ ಓಡೋಡಿ ಹೋಗಬೇಕಾಯಿತು. ವಾಪಸ್ ಗ್ವಾದಿಯಾನಾ ನದಿಯ ಸೇತುವೆ ದಾಟಿದಾಗ ಅದೇ ಗಂಟೆ ಸಿಕ್ಕಿತು.

ಒಂದೇ ಒಂದು ಬದಲಾವಣೆ ಮಾಡುತ್ತೇನೆ. ಸಾಗ್ರೆಸ್‌ನಿಂದ ಲಿಸ್ಬನ್ 300 ಕಿ.ಮೀ.ಗೂ ಹೆಚ್ಚು. ಒಂದೇ ದಿನದಲ್ಲಿ ಓಡಿಸಿದ್ದರಿಂದ ಆ ಕಡಲತೀರದಲ್ಲಿ ಎಲ್ಲೂ ಇಳಿಯಲಾಗಲಿಲ್ಲ. ಸೆವಿಲ್ಲಾದ ಒಂದು ರಾತ್ರಿ ಕಡಿಮೆ ಮಾಡಿ, ದಾರಿಯ ವಿಲಾ ನೋವಾ ದೆ ಮಿಲ್ಫೊಂತೆಸ್‌ಗೆ ಕೊಡಬೇಕಿತ್ತು.